ಒಂಬತ್ತು ಇಂಚಿನ ಗೇಣು

ನಾನು ಹಾಸ್ಟೆಲಿಗೆ ಹೊರಟ ವರ್ಷ ನಮ್ಮ ಹೊಸ್ತಿಲಿನಿಂದ ಕೇರಿಯ ಬಾವಿಗೆ ಮುನ್ನೂರ ನಲವತ್ತು ಹೆಜ್ಜೆ ಇತ್ತು. ಐದು ವರ್ಷ ಬಿಟ್ಟು ಡಿಗ್ರಿ ಮುಗಿಸಿಕೊಂಡು ಬಂದಾಗ ಇನ್ನೂರ ಹತ್ತು. ನನ್ನ ಕಾಲೇನೂ ಉದ್ದವಾಗಿರಲಿಲ್ಲ. ಊರು ಕುಗ್ಗಿತ್ತು.

ನಾನು ಹೊರಟ ವರ್ಷವೇ ಕಂಪನಿ ಬಂದದ್ದು. ಅದು ಬಂದ ಮೇಲೆ ನಮ್ಮೂರಲ್ಲಿ ಮಿಡಿಸೌತೆ ಬಿಟ್ಟು ಬೇರೆ ಬೆಳೆ ಇಲ್ಲ. ಕಿರುಬೆರಳಿನಷ್ಟು ಇರುವಾಗಲೇ ಕಿತ್ತು, ಉಪ್ಪು ಮತ್ತು ವಿನಿಗರ್ ತುಂಬಿದ ನೀಲಿ ಡ್ರಮ್ಮುಗಳಲ್ಲಿ ಮುಳುಗಿಸಿ, ಹಡಗು ಹತ್ತಿಸುವ ಕಾಯಿ. ತಿನ್ನುವವರು ಯಾವುದೋ ದೇಶದವರು, ಅವರ ಭಾಷೆ ಡ್ರಮ್ಮಿನ ಮೇಲೆ ಇರುತ್ತದೆ. ನಮ್ಮೂರಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ. ಪಕ್ಕದ ಮನೆಯ ಪುಟ್ಟಗೌರಿ ಒಮ್ಮೆ ಡ್ರಮ್ಮಿನಿಂದ ತೆಗೆದು ಕಚ್ಚಿ ನೋಡಿ, "ಹುಳಿ ಹಿಡಿದ ಸಾಬೂನು ಕಣೆ ಇದು. ಇದಕ್ಕಾ ನಾವು ಹೊಲ ಕೊಟ್ಟಿದ್ದು?" ಎಂದು ಉಗಿದಿದ್ದಳು. ಬೆಳಗ್ಗೆ ಕಿತ್ತದ್ದು ಸಂಜೆಯೊಳಗೆ ಡ್ರಮ್ಮು ಸೇರಿ ಊರು ಬಿಡಬೇಕು. ಲಾರಿ ಗಡಿಕಲ್ಲು ದಾಟುತ್ತಿದ್ದಂತೆ ಊರು ಒಂದಿಷ್ಟು ಒಳಕ್ಕೆ ಸೇದಿಕೊಳ್ಳುತ್ತದೆ, ಎಲೆಅಡಿಕೆ ಚೀಲದ ದಾರ ಎಳೆದ ಹಾಗೆ. ಪಾತ್ರೆಗಳು ಸಣ್ಣಗೆ ಅದುರುತ್ತವೆ. ಅಷ್ಟೇ. ಯಾರೂ ತಲೆ ಎತ್ತಿ ನೋಡುವುದಿಲ್ಲ.

ಜೀವ ಇರುವುದು ಕುಗ್ಗುವುದಿಲ್ಲ. ಮನುಷ್ಯ, ದನ, ನಾಯಿ, ಬಳ್ಳಿ, ಎಲ್ಲ ಹೇಗಿದ್ದವೋ ಹಾಗೇ. ಉಳಿದದ್ದೆಲ್ಲ ಕುಗ್ಗುತ್ತದೆ. ಹೊರಗಿನಿಂದ ತಂದ ವಸ್ತುವಾದರೆ ಒಂದು ರಾತ್ರಿ ಸಾಕು. ರಾತ್ರಿ ಊರಲ್ಲಿ ಮಲಗಿದ್ದು ಬೆಳಗ್ಗೆ ಊರಿನ ಅಳತೆಗೆ ಬಂದಿರುತ್ತದೆ. ಜನ ಇದಕ್ಕೆ ಹೊಂದಿಕೊಂಡರು. ಬಾಗಿಲಿನ ಮೇಲಿನ ಎರಡು ಸಾಲು ಇಟ್ಟಿಗೆ ಬಿಚ್ಚಿಸಿದರು. ಮಂಚದ ಮೇಲೆ ಓರೆಯಾಗಿ ಮಲಗುವುದನ್ನು ಕಲಿತರು, ಆಮೇಲೆ ಮಂಚವನ್ನೇ ಮಾರಿ ನೆಲಕ್ಕೆ ಬಂದರು. ದರ್ಜಿಯ ಅಂಗಡಿಯಲ್ಲಿ ಟೇಪಿನ ಕೆಲಸ ನಿಂತಿತು. ಅವನು ಬಟ್ಟೆಯನ್ನು ಮೈಮೇಲೆ ಹೊದಿಸಿ ಕತ್ತರಿ ಆಡಿಸುತ್ತಿದ್ದ. ಹೊಲಿಸಿದ ದಿನವೇ ಮದುವೆ ಮುಗಿಸಿಕೊಂಡರೆ ಸರಿ, ಮರುದಿನಕ್ಕೆ ಕಂಕುಳು ಹಿಡಿಯುತ್ತಿತ್ತು. ಮೆರವಣಿಗೆ ಊರನ್ನು ಮೂರು ಸುತ್ತು ಹಾಕುತ್ತಿತ್ತು, ಇಲ್ಲದಿದ್ದರೆ ವಾಲಗದವರ ಮೊದಲ ಹಾಡು ಮುಗಿಯುವುದರೊಳಗೆ ಹುಡುಗಿಯ ಮನೆ ಬಂದುಬಿಡುತ್ತಿತ್ತು.

ಇದೆಲ್ಲ ತಮಾಷೆಯ ಭಾಗ. ಪಾವಿನದು ತಮಾಷೆಯಲ್ಲ. ರಾಗಿ ಅಳೆಯುವ ಪಾವೂ ಕುಗ್ಗುತ್ತದಲ್ಲ. ನಮ್ಮವ್ವ ಐದು ವರ್ಷದ ಹಿಂದೆ ಇಬ್ಬರಿಗೆ ಎರಡು ಪಾವು ಹಿಟ್ಟಿನ ಮುದ್ದೆ ಮಾಡುತ್ತಿದ್ದಳು, ನಾನು ವಾಪಸು ಬಂದಾಗಲೂ ಎರಡು ಪಾವೇ ಹಾಕುತ್ತಿದ್ದಳು. ಪಾತ್ರೆ ತಳ ಕಾಣುವವರೆಗೂ ತಿಂದರೂ ಇಬ್ಬರಿಗೂ ಅರೆಹೊಟ್ಟೆಯೇ ಆಗುತ್ತಿತ್ತು. ಆ ರಾಗಿಯೂ ನಮ್ಮದಲ್ಲ. ಹೊಲದಲ್ಲಿ ಸಾಲುಗಟ್ಟಿ ಕೋಲು ನೆಟ್ಟು ದಾರ ಕಟ್ಟಿ ಬಳ್ಳಿ ಹಬ್ಬಿಸಿದ ಮೇಲೆ ರಾಗಿಗೆ, ಅವರೆಗೆ ಎಲ್ಲಿದೆ ಜಾಗ? ವಾರಕ್ಕೆರಡು ಸಲ ಔಷಧಿ ಹೊಡೆದೂ ಹೊಡೆದೂ ಜೇನ್ನೊಣ ಕಾಣೆಯಾದವು. ಉಪ್ಪುನೀರು ಹರಿದುಹೋಗಲು ಕಂಪನಿಯವರು ತೋಡಿದ ಕಾಲುವೆಯ ಎರಡೂ ಬದಿಗೆ ನೆಲ ಬೆಳ್ಳಗೆ ಹೊಪ್ಪಳೆ ಎದ್ದಿತ್ತು, ಅಲ್ಲಿ ಗರಿಕೆಯೂ ಹುಟ್ಟುತ್ತಿರಲಿಲ್ಲ. ಮಿಡಿ ಒಂದು ದಿನ ಬಿಟ್ಟರೆ ಬಲಿತು ದನದ ಪಾಲಾಗುತ್ತದೆ. ಹಾಗಾಗಿ ಕೀಳುವುದಕ್ಕೆ ರಜೆ ಇಲ್ಲ. ಹೈಸ್ಕೂಲಿನ ಹೆಣ್ಣುಮಕ್ಕಳ ಬೆಂಚು ಸುಗ್ಗಿಯಲ್ಲಿ ಖಾಲಿ. ಬೆಂಚು ಹೇಗೂ ಕುಗ್ಗಿತ್ತು, ಮೇಷ್ಟರಿಗೆ ಅನುಕೂಲವೇ ಆಯಿತು.

ಅಗಲದಲ್ಲಿ ಕಳೆದುಹೋದದ್ದು ಆಳಕ್ಕೆ ಇಳಿಯುತ್ತಿತ್ತು. ಬಾವಿಗೆ ನಡೆಯುವ ದಾರಿ ಕಡಿಮೆಯಾದಷ್ಟೂ ಸೇದುವ ಹಗ್ಗ ಹೆಚ್ಚಾಯಿತು. ನೀರು ಸಿಗದಾದಾಗಲೆಲ್ಲ ಕೇರಿಯವರು ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕುತ್ತಿದ್ದರು. ಬಿಂದಿಗೆ ಇಳಿಯುವಾಗ ಒಂದೊಂದು ಗಂಟೂ ರಾಟೆಗೆ ತಾಗಿ ಟಕ್ ಎನ್ನುತ್ತದೆ. ನಾನು ಹಾಸ್ಟೆಲಿಗೆ ಹೋಗುವಾಗ ಗಂಟೇ ಇರಲಿಲ್ಲ. ಬಂದಾಗ ಒಂಬತ್ತು. ಅದೇ ವರ್ಷದ ಮಾಘದ ಹೊತ್ತಿಗೆ ಹನ್ನೊಂದು. ಮನೆಯೊಳಗೆ ಕೂತೇ ಎಣಿಸಬಹುದಿತ್ತು. ಹನ್ನೊಂದನೆಯ ಟಕ್ ಆದ ಮೇಲೂ ನೀರಿನ ಸದ್ದಿಲ್ಲದೆ, ಬಿಂದಿಗೆ ಕೆಸರಿಗೆ ಬಡಿಯುವ ಸದ್ದು ಬರಲು ಶುರುವಾಗಿತ್ತು. ಬಾವಿಯ ತಳಕ್ಕೆ ಬಂಡೆ ಇದೆ. ಹನ್ನೆರಡನೆಯ ಗಂಟು ಹಾಕಿ ಪ್ರಯೋಜನವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೇರಿಗೆ ಬೇರೆ ನೀರಿಲ್ಲ. ಹನ್ನೊಂದು ಮನೆಯವರು ಆಗಲೇ ಬೀಗ ಹಾಕಿಕೊಂಡು ಊರು ಬಿಟ್ಟಿದ್ದರು.

ನಮ್ಮವ್ವ ಹೊಂಬಾಳಮ್ಮ ಆ ಬಾವಿಯ ನೀರು ಕುಡಿದು, ಅದನ್ನು ಬತ್ತಿಸುತ್ತಿದ್ದ ಕಂಪನಿಯ ಶೆಡ್ಡಿನಲ್ಲೇ ಕೆಲಸ ಮಾಡುತ್ತಿದ್ದಳು. ಅರವತ್ತು ಹೆಂಗಸರ ಶೆಡ್ಡು. ಅವಳು ಅಲ್ಲಿ ಸಾಮಾನ್ಯ ಆಳಲ್ಲ. ಮೊದಲ ವರ್ಷ ಮಿಡಿಗಳನ್ನು ದಪ್ಪದ ಪ್ರಕಾರ ವಿಂಗಡಿಸಲು ಕಂಪನಿ ತೂತಿನ ಹಲಗೆ ಕೊಟ್ಟಿತ್ತು. ಹಲಗೆ ಕುಗ್ಗಿತು, ತೂತೂ ಕುಗ್ಗಿತು. ಆ ದೇಶದವರು ಕಾಯಿ ಸಣ್ಣದೆಂದು ಎರಡು ಕಂಟೇನರ್ ತಿರುಗಿಸಿ ಕಳಿಸಿದರು. ಆಗ ಕಂಪನಿಯ ದೊಡ್ಡ ಕಚೇರಿಯಿಂದ ಒಬ್ಬ ಬಂದ. ಬಾಯಿ ತೆರೆದು ಮುಚ್ಚುವ ಸ್ಟೀಲಿನ ಅಳತೆಗೋಲು ತಂದಿದ್ದ. ಬೆಳಗ್ಗೆ ಬಂದು ಸಂಜೆಗೆ ಅದನ್ನು ಹಿಡಿದುಕೊಂಡೇ ವಾಪಸು ಹೋದ, ಒಂದು ರಾತ್ರಿಯೂ ಇಡಲಿಲ್ಲ. ಅರವತ್ತು ಹೆಂಗಸರನ್ನು ಪರೀಕ್ಷೆ ಮಾಡಿದ. ಕಣ್ಣು ಮುಚ್ಚಿ ಬೆರಳಲ್ಲೇ ಹಿಡಿದು ದಪ್ಪ ಹೇಳಬೇಕು. ನಮ್ಮವ್ವ ಇನ್ನೂರು ಮಿಡಿಯಲ್ಲಿ ಒಂದಕ್ಕೂ ತಪ್ಪಲಿಲ್ಲ. ಅವಳ ಬಲಗೈಗೆ ಮಸಿ ಬಳಿದು ಅಚ್ಚು ತೆಗೆದುಕೊಂಡರು, ಒಂದೊಂದು ಬೆರಳಿನ ದಪ್ಪ, ಗೇಣಿನ ಉದ್ದ, ಎಲ್ಲ ಬರೆದುಕೊಂಡರು. ಗೇಣು: ಒಂಬತ್ತು ಇಂಚು. ಕೆಳಗೆ ಕಂಪನಿಯ ಮೊಹರು. ಅವತ್ತಿನಿಂದ ಊರು ಬಿಡುವ ಪ್ರತಿ ಲಾರಿಯ ಜೊತೆ ಆ ಕಾಗದದ ಪ್ರತಿಯೊಂದು ಹೋಗುತ್ತಿತ್ತು, ಈ ಸರಕನ್ನು ಈ ಕೈ ಅಳೆದಿದೆ, ಈ ಕೈಯ ಅಳತೆ ಸರಿಯಿದೆ ಎಂದು. ಒಂದು ಪ್ರತಿಗೆ ಗಾಜು ಹಾಕಿಸಿ ಶೆಡ್ಡಿನ ಗೋಡೆಗೂ ನೇತುಹಾಕಿದ್ದರು. ಕಾಗದಕ್ಕೆ ಜೀವ ಇಲ್ಲವಲ್ಲ. ಐದು ವರ್ಷದಲ್ಲಿ ಗೋಡೆಯ ಮೇಲಿನ ಆ ಕೈ ಅಂಗನವಾಡಿ ಮಗುವಿನ ಕೈಯಷ್ಟಾಗಿತ್ತು.

ಅವ್ವನಿಗೆ ಆ ಕೈಯ ಬಗ್ಗೆ ಜಂಬ ಇತ್ತು. ಹೇಳಿಕೊಳ್ಳುತ್ತಿರಲಿಲ್ಲ. ಆದರೆ ವಿನಿಗರ್‌ನಿಂದ ಬಿರಿದ ಅಂಗೈಗೆ ಎಣ್ಣೆ ತಿಕ್ಕುವಾಗ ಎಡಗೈಗೆ ಒಂದು ತೊಟ್ಟು, ಬಲಗೈಗೆ ಎರಡು ತೊಟ್ಟು ಹಾಕುತ್ತಿದ್ದಳು.

ನಮ್ಮ ಹಾಸ್ಟೆಲಿನ ಲೈಬ್ರರಿಯಲ್ಲಿ ಮೂರು ಕಪಾಟು ಕಾದಂಬರಿ, ಒಂದು ಕಪಾಟು ಹಳೆಯ ಸರ್ಕಾರಿ ಗೆಜೆಟ್ಟು ಇದ್ದವು. ಕಾದಂಬರಿ ಎರಡನೆಯ ವರ್ಷಕ್ಕೇ ಮುಗಿದವು. ಹಾಗಾಗಿ ಗೆಜೆಟ್ಟು ಓದಿದೆ. ಕುಡಿಯುವ ನೀರಿನ ಬಾವಿಯಿಂದ ಎಂಟುನೂರ ಇಪ್ಪತ್ತೈದು ಅಡಿಯೊಳಗೆ ಯಾರೂ ಬೋರು ಹೊಡೆದು ನೀರೆತ್ತುವ ಹಾಗಿಲ್ಲ, ಎತ್ತಿದರೆ ಮುಚ್ಚಿಸಬೇಕು ಎಂದು ಅದರಲ್ಲಿ ಒಂದು ನಿಯಮ ಇತ್ತು. ಕಂಪನಿಯ ದೊಡ್ಡ ಬೋರು ಕೊರೆದಾಗ ಸರಿಯಾಗಿ ಅಷ್ಟು ದೂರದಲ್ಲೇ ಕೊರೆದಿದ್ದರು. ಅದಕ್ಕೆ ಆಧಾರ ಪಂಚಾಯ್ತಿ ಕಚೇರಿಯ ಮೊಳೆಗೆ ನೇತುಹಾಕಿದ ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಇಪ್ಪತ್ತೈದು ಸರಪಳಿ ಎಂದು ದಾಖಲೆ. ಇವತ್ತು ಅಳೆದರೂ ಇಪ್ಪತ್ತೈದು ಸರಪಳಿಯೇ ಬರುತ್ತದೆ, ಏಕೆಂದರೆ ಸರಪಳಿಯೂ ಊರಿನ ಜೊತೆ ಕುಗ್ಗಿದೆ. ಬೋರು ಮಾತ್ರ ಬಾವಿಯ ಹತ್ತಿರಕ್ಕೆ ಬಂದುಬಿಟ್ಟಿತ್ತು. ಬಾವಿಕಟ್ಟೆಯ ಮೇಲೆ ಕೂತರೆ ಅದರ ಮೋಟರಿನ ಗುಂಯ್ ಎನ್ನುವ ಸದ್ದು ಕೂತ ಜಾಗದಲ್ಲಿ ತಿಳಿಯುತ್ತಿತ್ತು.

"ಅರ್ಜಿ ಹಾಕ್ತೀನಿ," ಎಂದೆ ಅವ್ವನಿಗೆ.

"ಹಾಕು. ಬೋರು ನಿಲ್ಲುತ್ತೆ. ಬಳ್ಳಿ ಒಣಗುತ್ತೆ. ಶೆಡ್ಡಿಗೆ ಬೀಗ ಬೀಳುತ್ತೆ. ಅರವತ್ತು ಒಲೆ ನೀನು ಹಚ್ಚಿಸ್ತೀಯಾ?"

"ಬಾವಿ ಬತ್ತಿದ ಮೇಲೆ ಒಲೆ ಮೇಲೆ ಏನಿಡ್ತೀಯವ್ವ?"

"ಓದಿಸಿದ್ದು ನಂದೇ ತಪ್ಪು." ಅವಳು ಎಣ್ಣೆ ಬಟ್ಟಲು ಮುಚ್ಚಿಟ್ಟಳು. "ನನ್ನನ್ನ ಕೇಳಿ ಹಾಕ್ತಿದ್ದೀಯ ಅಂತ ಅಂದ್ಕೋಬೇಡ. ಹಾಕಬೇಡ ಅಂತ ನಾನೂ ಹೇಳ್ಲಿಲ್ಲ."

ಅರ್ಜಿ ಹಾಕಿದೆ. ಅಂತರ್ಜಲ ಕಚೇರಿಯಿಂದ ಉತ್ತರ ಬಂತು: ಇಂಥ ಗುರುವಾರ ಬೆಳಗಿನ ಬಸ್ಸಿಗೆ ಅಧಿಕಾರಿ ಬಂದು ಅಳತೆ ಮಾಡುತ್ತಾರೆ. ನನ್ನ ಲೆಕ್ಕ ಸರಳ. ಅಧಿಕಾರಿಯ ಟೇಪು ಹೊರಗಿನದು. ಬೆಳಗ್ಗೆ ಬಂದರೆ ಇನ್ನೂ ಕುಗ್ಗಿರುವುದಿಲ್ಲ. ಅಳೆದ ಕೂಡಲೇ ನಿಜ ಹೊರಬೀಳುತ್ತದೆ. ನಾನು ಒಂದು ಮಾತು ಮರೆತಿದ್ದೆ. ಆ ಪತ್ರದ ಪ್ರತಿ ಕಂಪನಿಗೂ ಹೋಗಿರುತ್ತದೆ.

ಕಂಪನಿಯ ಮ್ಯಾನೇಜರ್ ದಯಾಕರ ಹೊರಗಿನವನು. ಶೆಡ್ಡಿನ ಹಿಂದಿನ ಗೆಸ್ಟ್ ಹೌಸಿನಲ್ಲಿ ಇರುತ್ತಿದ್ದ. ಕೆಟ್ಟವನಲ್ಲ, ಹಬ್ಬಕ್ಕೆ ಎಲ್ಲರಿಗೂ ಸಿಹಿ ಹಂಚುತ್ತಿದ್ದ. ಅಂಗಿ ಮಾತ್ರ ಯಾವಾಗಲೂ ಹೊಸದರ ಹಾಗೆ ಸರಿಯಾಗಿ ಕೂತಿರುತ್ತಿತ್ತು. ಅದರ ಗುಟ್ಟು ಇಡೀ ಊರಿಗೆ ಗೊತ್ತು. ಅವನ ಬಟ್ಟೆಗಳೆಲ್ಲ ದಿನಾ ಸಂಜೆ ಜೀಪಿನಲ್ಲಿ ಕೂತು ಗಡಿಕಲ್ಲಿನ ಆಚೆ ಹೋಗಿ ಮಲಗಿ ಬೆಳಗ್ಗೆ ವಾಪಸು ಬರುತ್ತಿದ್ದವು. ರಾತ್ರಿ ಅವನು ಪಂಚೆಯಲ್ಲಿ ಕಾಲ ಕಳೆಯುತ್ತಿದ್ದ. ಬುಧವಾರ ಸಂಜೆ ಅದೇ ಜೀಪು ಬಟ್ಟೆ ಬಿಟ್ಟು ವಾಪಸು ಬರುವಾಗ ಅಧಿಕಾರಿಯನ್ನು ಕೂರಿಸಿಕೊಂಡು ಬಂತು. ಬೆಳಗಿನ ಬಸ್ಸಿನಲ್ಲಿ ನಿಮಗ್ಯಾಕೆ ತೊಂದರೆ ಎಂದು ದಯಾಕರ ಕಳಿಸಿದ್ದನಂತೆ. ಊಟ, ಮಂಚ, ಫ್ಯಾನು. ಅಧಿಕಾರಿಯ ಚೀಲದಲ್ಲಿದ್ದ ಟೇಪೂ ನಮ್ಮೂರಲ್ಲೇ ಮಲಗಿತು.

ಗುರುವಾರ ಬೆಳಗ್ಗೆ ಬಾವಿಯ ಹತ್ತಿರ ಅಧಿಕಾರಿಯನ್ನು ಕಂಡಾಗ ಅವರ ಹಣೆಯಲ್ಲಿ ಬಾಗಿಲು ಬಡಿದ ಗಾಯ ಇತ್ತು. ಹೆಸರು ಇಂತಿಯಾಜ್ ಪಾಷಾ, ನಿವೃತ್ತಿಗೆ ಹತ್ತಿರದವರು. ಕೈಯಲ್ಲಿ ಚರ್ಮದ ಸುರುಳಿಯ ನೂರಡಿಯ ಟೇಪು. ನಾನು ಅದನ್ನು ನೋಡಿದ ಕೂಡಲೇ, "ಇದು ರಾತ್ರಿ ಎಲ್ಲಿತ್ತು ಸಾರ್?" ಎಂದು ಕೇಳಿದೆ.

"ನನ್ನ ಹತ್ತಿರವೇ ಇತ್ತಮ್ಮ. ತಲೆದಿಂಬಿನ ಪಕ್ಕ."

"ಹಾಗಾದರೆ ಇದು ಕುಗ್ಗಿದೆ. ಬೇರೆ ತರಿಸಬೇಕು."

ಅವರು ನನ್ನನ್ನು ನೋಡಿದರು. ದಯಾಕರ ನಕ್ಕ. "ಓದಿರೋ ಹುಡುಗಿ ಸಾರ್. ಸ್ವಲ್ಪ ಜಾಸ್ತಿನೇ ಓದಿದ್ದಾಳೆ."

ಟೇಪು ಹಾಸಿದರು. ಬಾವಿಕಟ್ಟೆಯಿಂದ ಕೇರಿಯ ಓಣಿ, ಶೆಡ್ಡಿನ ಮುಂದಿನ ಜಲ್ಲಿಯ ಅಂಗಳ, ಆಮೇಲೆ ಬಳ್ಳಿಯ ಸಾಲಿನ ನಡುವೆ ನೇರ ಬೋರಿನ ತನಕ. ನೂರಡಿಗೊಂದು ಗೂಟ. ಶೆಡ್ಡಿನ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು, ಅವ್ವನೂ ಇದ್ದಳು, ಬೆರಳುಗಳಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ಎಂಟುನೂರ ಇಪ್ಪತ್ತೈದು ಅಡಿ. ಒಂದು ಇಂಚೂ ಆಚೀಚೆ ಇಲ್ಲ.

"ಮುಗೀತಲ್ಲ," ಎಂದ ದಯಾಕರ.

"ಸಾರ್, ನಿಮ್ಮ ಹಣೆಗೆ ಏನಾಯ್ತು?" ಎಂದೆ ಅಧಿಕಾರಿಗೆ. "ನೀವು ಅಷ್ಟು ಎತ್ತರದವರೇನಲ್ಲ."

ಪಾಷಾ ಅವರು ಗಾಯ ಮುಟ್ಟಿಕೊಂಡರು. "ಕಾಣ್ತಾ ಇದೆಯಮ್ಮ, ನಾನೇನು ಕುರುಡನಲ್ಲ. ಆದರೆ ಊರು ಕುಗ್ಗಿದೆ ಅಂತ ಬರೆಯೋಕೆ ನನ್ನ ಫೈಲಿನಲ್ಲಿ ಜಾಗ ಇಲ್ಲ. ದೂರ ಎಷ್ಟು ಅಂತ ಮಾತ್ರ ಇದೆ. ಕುಗ್ಗದ ಒಂದು ಅಳತೆ ತೋರಿಸು, ಅದರಲ್ಲಿ ಬರೀತೀನಿ. ಇವತ್ತೇ ತೋರಿಸಬೇಕು. ಫೈಲು ಇವತ್ತು ಮುಚ್ಚಬೇಕು, ಮಧ್ಯಾಹ್ನದ ಬಸ್ಸಿಗೆ ನಾನು ಹೊರಡಬೇಕು."

ಹೊರಗಿನಿಂದ ಟೇಪು ತರಿಸಲು ಹೋಗಿಬರುವುದಕ್ಕೇ ಸಂಜೆಯಾಗುತ್ತದೆ. ಇಷ್ಟು ಗೆಜೆಟ್ಟು ಓದಿ ಒಂದು ಟೇಪನ್ನು ಊರಾಚೆ ಮಲಗಿಸುವ ಬುದ್ಧಿ ಬರಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ದಯಾಕರ ಅಲ್ಲಿಗೆ ಸುಮ್ಮನಿದ್ದಿದ್ದರೆ ಗೆದ್ದಿರುತ್ತಿದ್ದ. ಅವನು ಸುಮ್ಮನಿರಲಿಲ್ಲ. ಹೆಂಗಸರ ಕಡೆ ಕೈ ತೋರಿಸಿ, "ನಡೀರಿ ನಡೀರಿ, ಕಾಯಿ ಬಾಡುತ್ತೆ," ಎಂದವನು ಅಧಿಕಾರಿಗೆ, "ಇವರಿಗೆಲ್ಲ ಅಳತೆ ಅಂದರೆ ಏನು ಗೊತ್ತು ಸಾರ್, ಅವಳು ಹೇಳಿದ್ದಕ್ಕೆ ತಲೆ ಆಡಿಸ್ತಾರೆ," ಎಂದ.

ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೊದಲು ಎಡಗೈ, ಆಮೇಲೆ ಬಲಗೈ. ಶೆಡ್ಡಿನೊಳಗೆ ಹೋಗಿ ಗೋಡೆಯಿಂದ ಗಾಜಿನ ಚೌಕಟ್ಟು ಇಳಿಸಿ ತಂದು ಪಾಷಾ ಅವರ ಮುಂದೆ ಹಿಡಿದಳು.

"ಓದಿ ಸಾರ್. ನನಗೆ ಇಂಗ್ಲೀಷು ಬರಲ್ಲ. ಇದೇನು ಬರ್ದಿದೆ?"

ಅವರು ಓದಿದರು. ಹೊಂಬಾಳಮ್ಮ, ಬಲಗೈ, ಹೆಬ್ಬೆರಳು ಇಷ್ಟು, ಕಿರುಬೆರಳು ಇಷ್ಟು, ಗೇಣು ಒಂಬತ್ತು ಇಂಚು. ಪ್ರಮಾಣಿತ ಅಳತೆ. ಮೊಹರು.

ಅವ್ವ ಗಾಜಿನ ಮೇಲೆ ತನ್ನ ಕೈ ಇಟ್ಟಳು. ಮಸಿಯ ಪುಟ್ಟ ಕೈ ಪೂರಾ ಮುಚ್ಚಿಹೋಯಿತು, ಬೆರಳುಗಳು ಚೌಕಟ್ಟಿನಿಂದಾಚೆ ಹೋದವು. "ಕಾಗದ ಕುಗ್ಗಿದೆ. ನನ್ನ ಕೈ ಕುಗ್ಗಿಲ್ಲ. ಕಂಪನಿನೇ ಬರ್ಕೊಟ್ಟಿದೆ." ಆಮೇಲೆ ಬಗ್ಗಿ, ನೆಲದಲ್ಲಿ ಹಾಸಿದ್ದ ಟೇಪಿನ ಪಕ್ಕ ಗೇಣು ಚಾಚಿದಳು. ಹೆಬ್ಬೆರಳು ಸೊನ್ನೆಯ ಮೇಲೆ. ಕಿರುಬೆರಳು ಹದಿನಾರು ಇಂಚು ದಾಟಿ ನಿಂತಿತು.

ಪಾಷಾ ಅವರು ಮಂಡಿ ಊರಿ ಹತ್ತಿರದಿಂದ ನೋಡಿದರು.

"ಆ ಕಾಗದ ಕಾಯಿಗೆ ಸಂಬಂಧಪಟ್ಟಿದ್ದು," ಎಂದ ದಯಾಕರ. "ಅದು ಬೇರೆ, ಇದು ಬೇರೆ."

"ಬೇರೆ ಹೇಗಾಗುತ್ತೆ ಸಾರ್?" ನನಗೆ ಈಗ ದಾರಿ ಕಂಡಿತ್ತು. "ಈ ಕೈಯ ಅಳತೆ ಸರಿ ಇಲ್ಲ ಅಂತ ಎರಡು ಸಾಲು ಬರೆದು ಸಹಿ ಹಾಕಿಬಿಡಿ. ಇವತ್ತಿನ ಲಾರಿ ಜೊತೆ ಅದನ್ನೂ ಕಳಿಸೋಣ. ಐದು ವರ್ಷ ಈ ಕೈ ಅಳೆದ ಕಾಯಿ ತಿಂದವರು ಓದ್ಕೊಳ್ಳಲಿ."

ದಯಾಕರ ಏನೂ ಬರೆಯಲಿಲ್ಲ. ಪುಟ್ಟಗೌರಿ ಹಿಂದಿನಿಂದ ಕೂಗಿದಳು, "ಮ್ಯಾನೇಜರಪ್ಪಾ, ಊರು ಕುಗ್ಗಲ್ಲ ಅನ್ನೋದಾದರೆ ನಿಮ್ಮ ಅಂಗಿ ಯಾಕೆ ದಿನಾ ಊರಾಚೆ ಮಲಗೋಕೆ ಹೋಗುತ್ತೆ? ಅದಕ್ಕೇನು ಅಲ್ಲೊಂದು ಸಂಸಾರ ಇದೆಯಾ?" ಅರವತ್ತು ಹೆಂಗಸರು ಒಟ್ಟಿಗೆ ನಕ್ಕರು. ಕಂಪನಿ ಬಂದ ಮೇಲೆ ಆ ಅಂಗಳದಲ್ಲಿ ಅಂಥ ನಗು ನಾನು ಕೇಳಿರಲಿಲ್ಲ. ಪಾಷಾ ಅವರು ಫೈಲಿನಿಂದ ಮುಖ ಮರೆಮಾಡಿಕೊಂಡರು.

ಆಮೇಲೆ ಗಂಭೀರವಾಗಿ, "ಒಂದು ಗೇಣು ನೋಡಿ ಗುಣಿಸಿ ಬರೆಯೋಕೆ ಆಗಲ್ಲ ತಾಯಿ," ಎಂದರು. "ಪೂರ್ತಿ ಅಳೆದ ಲೆಕ್ಕ ಬೇಕು. ಆಗುತ್ತಾ ನಿಮ್ಮ ಕೈಲಿ?"

"ದಿನಕ್ಕೆ ಹತ್ತು ಸಾವಿರ ಕಾಯಿ ಹಿಡೀತೀನಿ," ಎಂದಳು ಅವ್ವ. ಬಾವಿಕಟ್ಟೆಯ ಹತ್ತಿರ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿ ಊರಿದಳು.

ನಾನು ಅವಳ ಪಕ್ಕ ಕೂತು ಮೆಲ್ಲಗೆ, "ಶೆಡ್ಡು ಮುಚ್ಚುತ್ತೆ ಅವ್ವ," ಎಂದೆ. ನಾನೇ ಅರ್ಜಿ ಹಾಕಿದವಳು. ಆದರೂ ಹೇಳಬೇಕೆನ್ನಿಸಿತು.

"ಬೆಳಗ್ಗೆ ಬಿಂದಿಗೆಗೆ ಏನು ಬಂತು ನೋಡಿದ್ಯಾ?"

ನೋಡಿದ್ದೆ. ಕೆಸರು.

"ಮತ್ತೆ? ಎಣಿಸು. ತಪ್ಪಿಸಬೇಡ."

ಎಲ್ಲರೂ ಎಣಿಸಿದರು. ಕಿರುಬೆರಳು ಊರಿದ ಕಡೆಗೆ ಹೆಬ್ಬೆರಳು, ಮತ್ತೆ ಚಾಚು, ಮತ್ತೆ ಊರು. ಅವಳು ಅವಸರ ಮಾಡಲಿಲ್ಲ. ಮಿಡಿ ಹಿಡಿಯುವಾಗ ಇರುತ್ತಿದ್ದ ಅದೇ ಮುಖ, ಬಿಗಿಯಾಗಿ ಮುಚ್ಚಿದ ತುಟಿ. ನೂರು ಗೇಣಾದಾಗಲೆಲ್ಲ ಪುಟ್ಟಗೌರಿ ಮಡಿಲಿಂದ ಒಂದು ಮಿಡಿ ತೆಗೆದು ಅಲ್ಲಿ ನೆಲಕ್ಕೆ ಇಡುತ್ತಿದ್ದಳು. ಓಣಿಯ ಮಣ್ಣು ಸಲೀಸಾಗಿ ದಾಟಿತು. ಶೆಡ್ಡಿನ ಅಂಗಳದ ಜಲ್ಲಿಯ ಮೇಲೆ ಅವಳ ಅಂಗೈಯ ಬಿರುಕುಗಳು ಬಾಯಿಬಿಟ್ಟವು. ಇನ್ನೂರ ನಲವತ್ತರಿಂದ ಮುಂದಕ್ಕೆ ಗೇಣಿಗೊಂದು ಕೆಂಪು ಚುಕ್ಕೆ ಬೀಳುತ್ತಾ ಹೋಯಿತು. ನಾನು ಬಟ್ಟೆ ಸುತ್ತಲು ಹೋದೆ. "ಬಟ್ಟೆ ಸುತ್ತಿದರೆ ಬೆರಳು ದಪ್ಪ ಆಗುತ್ತೆ, ಅಳತೆ ಕೆಡುತ್ತೆ," ಎಂದು ಕೈ ತಳ್ಳಿದಳು. ಪಾಷಾ ಅವರು ಫೈಲನ್ನು ಅವಳ ತಲೆಗೆ ನೆರಳಾಗಿ ಹಿಡಿದು ಬಗ್ಗಿಕೊಂಡೇ ಪಕ್ಕದಲ್ಲಿ ನಡೆದರು. ದಯಾಕರನೂ ಜೊತೆಗೇ ನಡೆದ. ಅವನೂ ಎಣಿಸುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. ಒಂದು ಕಡೆ ಹೆಂಗಸರು ಒಂದು ಸಂಖ್ಯೆ ಹಾರಿಸಿದಾಗ ಅವನೇ ತಡೆದು, "ನಾನೂರ ಹದಿನೇಳು, ಹದಿನೆಂಟಲ್ಲ," ಎಂದ. ಅದು ಅವನ ವಿರುದ್ಧವೇ ಹೋಗುವ ತಿದ್ದುಪಡಿ. ಆಮೇಲೆ ತನ್ನ ಬಾಯಿಯ ಮೇಲೆ ತಾನೇ ಬೇಸರಪಟ್ಟುಕೊಂಡ.

ನಿಯಮದ ಪ್ರಕಾರ ಸಾವಿರದ ನೂರು ಗೇಣು ಇರಬೇಕಿತ್ತು. ಆರು ಮಿಡಿ ಇಟ್ಟಾಗಿತ್ತು, ಏಳನೆಯದು ಪುಟ್ಟಗೌರಿಯ ಕೈಯಲ್ಲೇ ಉಳಿಯಿತು. ಆರುನೂರ ಹನ್ನೆರಡನೆಯ ಗೇಣಿಗೆ ಅವ್ವನ ಕಿರುಬೆರಳು ಬೋರಿನ ಕಬ್ಬಿಣದ ಪೈಪಿಗೆ ತಾಗಿತು.

ಪಾಷಾ ಅವರು ಲೆಕ್ಕ ಹಾಕಿ ಬರೆದರು: ನಾನೂರ ಐವತ್ತೊಂಬತ್ತು ಅಡಿ. ಅಳತೆಯ ಸಾಧನ ಎಂಬ ಕಡೆ, "ಕಂಪನಿ ಪ್ರಮಾಣೀಕರಿಸಿದ ಕೈ" ಎಂದು ಬರೆದು, ದಯಾಕರನ ಮುಂದೆ ಹಿಡಿದರು. ಅವನು ಸಹಿ ಹಾಕಲೇಬೇಕು. ಹಾಕದಿದ್ದರೆ ಸಮುದ್ರದ ಮೇಲಿದ್ದ ಎಲ್ಲ ಡ್ರಮ್ಮಿನ ಕಾಗದವೂ ಸುಳ್ಳಾಗುತ್ತಿತ್ತು. ಹಾಕಿದ. ಎರಡು ದಿನಕ್ಕೆ ಬೋರಿನ ಬಾಯಿಗೆ ಮುಚ್ಚಳ ಬೆಸುಗೆ ಹಾಕಿಸಿದರು. ಗುಂಯ್ ಎನ್ನುವ ಸದ್ದು ನಿಂತಾಗ ಕೇರಿಯ ನಾಯಿಗಳು ಎದ್ದು ಕೂತು ಸುತ್ತ ನೋಡಿದವು.

ಮುಂದಿನದ್ದನ್ನೂ ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ. ಒಂಬತ್ತು ದಿನಕ್ಕೆ ಬಳ್ಳಿ ಒಣಗಿತು. ಕಂಪನಿ ಟ್ಯಾಂಕರಿನಲ್ಲಿ ನೀರು ತರಿಸಿ ಒಂದು ತಿಂಗಳು ನೋಡಿತು, ಆಮೇಲೆ ಗಂಟುಮೂಟೆ ಕಟ್ಟಿತು. ಕೊನೆಯ ಲಾರಿಯವರೆಗೂ ಅವ್ವನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆಯುವ ಹಾಗಿರಲಿಲ್ಲ. ಉಳಿದವರನ್ನು ಒಬ್ಬೊಬ್ಬರಾಗಿ ಬಿಟ್ಟರು. ಶೆಡ್ಡಿನ ಹತ್ತು ಹನ್ನೆರಡು ಹೆಂಗಸರು ಇವತ್ತಿಗೂ ಅವ್ವನ ಹತ್ತಿರ ಮಾತಾಡುವುದಿಲ್ಲ. "ನಿನ್ನ ಗೇಣು ನಮ್ಮ ಮನೆ ಅನ್ನ ಅಳೀತಲ್ಲೇ," ಎಂದು ಒಬ್ಬಳು ಬಾವಿಕಟ್ಟೆಯ ಮೇಲೆ ನಿಂತೇ ಕೇಳಿದಳು, ಸೇದಿದ ನೀರನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ಪುಟ್ಟಗೌರಿ ತಂಗಿಯ ಊರಿಗೆ ಹೋದಳು, ಅಲ್ಲಿ ಯಾವುದೋ ಹೂವಿನ ಕಂಪನಿ ಇದೆಯಂತೆ. ಹೋಗುವಾಗ, "ಅಲ್ಲೂ ಊರು ಸಣ್ಣದಾಗೋಕೆ ಶುರುವಾದರೆ ಹೇಳಿಕಳಿಸ್ತೀನಿ ಅಕ್ಕಯ್ಯ, ಕೈ ತಗೊಂಡು ಬಾ," ಎಂದಳು. ನಗುತ್ತಲೇ ಹೇಳಿದಳು. ಮೂರು ತಿಂಗಳಿಗೆ ಹೇಳಿಕಳಿಸಿದಳು. ಅವ್ವನೂ ನಾನೂ ಹೋಗಿಬಂದೆವು. ಅಲ್ಲಿಯ ಬೋರು ಇನ್ನೂ ನಿಂತಿಲ್ಲ. ನಿಲ್ಲುತ್ತದೆ, ಅರ್ಜಿ ನಾನೇ ಬರೆದಿದ್ದೇನೆ. ಈ ಸಲ ಟೇಪು ಗಡಿಯಾಚೆ ಮಲಗುತ್ತದೆ.

ಊರು ಮತ್ತೆ ಹಿಗ್ಗಲಿಲ್ಲ. ಕಳೆದುಹೋದ ಹೆಜ್ಜೆಗಳು ಎಲ್ಲಿಗೆ ಹೋದವೋ ಅಲ್ಲೇ ಇವೆ, ಯಾವುದೋ ದೇಶದ ಗಾಜಿನ ಜಾಡಿಗಳಲ್ಲಿ. ಕಾಲುವೆಯ ಪಕ್ಕದ ಬಿಳಿ ನೆಲದಲ್ಲಿ ರಾಗಿ ಎರಚಿದ್ದೆವು, ಮೊಳಕೆ ಬರಲಿಲ್ಲ. ಮೇಲಿನ ಹೊಲದಲ್ಲಿ ಅಷ್ಟಿಷ್ಟು ಬಂತು. ಅವ್ವ ಈಗ ಪಾವು ಬಿಟ್ಟಿದ್ದಾಳೆ, ಹಿಟ್ಟನ್ನು ಕೈಯಲ್ಲೇ ಹಿಡಿ ಲೆಕ್ಕದಲ್ಲಿ ಹಾಕುತ್ತಾಳೆ. ಮುದ್ದೆ ಸಾಕಾಗುತ್ತದೆ. ನಾನು ವಾರಕ್ಕೊಮ್ಮೆ ಹೊಸ್ತಿಲಿನಿಂದ ಬಾವಿಗೆ ನಡೆದು ನೋಡುತ್ತೇನೆ. ನೂರ ತೊಂಬತ್ತು. ಎಂಟು ತಿಂಗಳಿಂದ ನೂರ ತೊಂಬತ್ತು.

ಮೊನ್ನೆ ಬೆಳಗ್ಗೆ ಅವ್ವ ನೀರಿಗೆ ಹೋಗಿದ್ದಳು. ನಾನು ಒಳಗೆ ಒಲೆಯ ಮುಂದೆ ಕೂತಿದ್ದೆ. ಬಿಂದಿಗೆ ಇಳಿಯುವ ಸದ್ದು ಕೇಳಿಸಿತು, ಅಭ್ಯಾಸಬಲದಿಂದ ಎಣಿಸಿದೆ. ಹತ್ತು ಸಲ ಟಕ್ ಎಂದಿತು. ಹನ್ನೊಂದನೆಯದಕ್ಕೆ ಕಾದೆ. ಅದು ಬರಲಿಲ್ಲ. ಅದಕ್ಕೆ ಮೊದಲೇ ಬಿಂದಿಗೆ ನೀರಿಗೆ ಬಿತ್ತು.